ಅಪ್ಪನ ಯಕ್ಷಗಾನ ಆಟದ ಕ್ಯಾಸೆಟ್ಟುಗಳು: ಒಟ್ಟಿಗೆ ಕೂತು ಕೇಳುವವರು ಯಾರಾದ್ರೂ ಇದ್ದೀರಾ?

ಚಂಡೆಪೆಟ್ಟು, ಶಿರಸಿ
ನಮ್ಮನೆ ಅಟ್ಟದ ಟ್ರಂಕಿನ ತುಂಬ ಕ್ಯಾಸೆಟ್ ಇವೆ. ಅಂಗಡಿಯಲ್ಲಿ ಕೊಂಡಿದ್ದಲ್ಲ. ಅಪ್ಪ ಆಟಕ್ಕೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ, ರಂಗಸ್ಥಳದ ಪಕ್ಕ ಇಟ್ಟು ತುಂಬಿಸಿಕೊಂಡು ಬಂದಿದ್ದು. ಆಗ ಹಾಗೆ ಮಾಡುವವರದ್ದೇ ಒಂದು ಗುಂಪು ಇತ್ತು. ಒಬ್ಬರ ಸೆಲ್ ಮುಗಿದರೆ ಇನ್ನೊಬ್ಬರು ಕೊಡೋದು, ಆಮೇಲೆ ಕಾಪಿ ಮಾಡಿ ಹಂಚಿಕೊಳ್ಳೋದು. ಆಟದ ಪದ್ಯ ಹಾಡುವ ಭಾಗವತರಾಗಿದ್ದ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡ ಮೇಲಂತೂ ಅವರ ಪದ್ಯ ಇದ್ದ ಕ್ಯಾಸೆಟ್ಟನ್ನು ಅಪ್ಪ ಯಾರಿಗೂ ಕೊಡುತ್ತಿರಲಿಲ್ಲ. ಅದರ ಬೆನ್ನಿನ ಎರಡು ಪ್ಲಾಸ್ಟಿಕ್ ತುಂಡು ಮುರಿದಿಟ್ಟಿದ್ದಾರೆ, ಯಾರೂ ಮೇಲಿಂದ ಸಿನಿಮಾ ಹಾಡು ತುಂಬಿಸಬಾರದು ಅಂತ.

ಮೊನ್ನೆ ಒಂದು ಹಾಕಿದೆ. ವೇಷಧಾರಿ ಚಿಟ್ಟಾಣಿಯವರ ಭಸ್ಮಾಸುರ. ಅವರ ಕುಣಿತ ಟೇಪಿನಲ್ಲಿ ಕಾಣಲ್ಲ, ಗೆಜ್ಜೆ ಮಾತ್ರ ಕೇಳುತ್ತದೆ. ನನಗೆ ಹಿಡಿಸಿದ್ದು ಬೇರೆ. ಪಕ್ಕದಲ್ಲೇ ಯಾರೋ ಕೆಮ್ಮುತ್ತಾರೆ. "ಏ ತಮಾ, ತಲೆ ತಗ್ಸು" ಅಂತಾರೆ. ಸಿಳ್ಳೆ, ಶೇಂಗಾ ಮಾರುವವನ ಕೂಗು. ಪದ್ಯ ಏರಿದ ಹೊತ್ತಿಗೇ 45 ನಿಮಿಷ ಮುಗಿದು ಟಕ್ ಅಂತ ನಿಲ್ಲುತ್ತದೆ. ಅಪ್ಪ ಮಗುಚಿ ಹಾಕುವಷ್ಟರಲ್ಲಿ ಭಾಗವತರು ಎಲ್ಲೋ ಹೋಗಿಬಿಟ್ಟಿರುತ್ತಾರೆ!

ಯೂಟ್ಯೂಬಿನಲ್ಲಿ ಬೇಕಾದಷ್ಟು ಆಟ ಇದೆ, ಗೊತ್ತು. ಒಬ್ಬನೇ ಇಯರ್‌ಫೋನ್ ಹಾಕಿಕೊಂಡು ಕೇಳಲಿಕ್ಕೆ ಮನಸ್ಸಿಲ್ಲ. ಇಂಥ ಕ್ಯಾಸೆಟ್ ಇಟ್ಟುಕೊಂಡವರು, ಜೊತೆಗೆ ಕೂತು ಕೇಳುವವರು ಇದ್ದೀರಾ? ಮಗ ಕಂಪ್ಯೂಟರಿಗೆ ಹಾಕಿ ಗದ್ದಲ ತೆಗೆದು ಕೊಡ್ತೇನೆ ಅಂತಾನೆ. ತೆಗೆಸಲಾ?

ಹಳೇ ಡೆಕ್, ಕಾರವಾರ
ತೆಗೆಸಬೇಡಿ. ಇದ್ದದ್ದನ್ನು ಹಾಗೇ ವೇವ್ ಫೈಲ್ ಮಾಡಿಡಿ, ಕತ್ತರಿ ಏನಿದ್ರೂ ಕಾಪಿ ಮೇಲೆ. ಇನ್ನೊಂದು, ನಮ್ಮ ಕಡೆಯ ಮಳೆಗಾಲ ಕಂಡ ಕ್ಯಾಸೆಟ್ಟನ್ನು ಸೀದಾ ಹಾಕಬೇಡಿ. ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳೀ ಬೂಸ್ಟು ಇದ್ದರೆ ಬೇರೆ ತೆಗೆದಿಡಿ. ಅದು ಟೇಪು ಓದುವ ಹೆಡ್ಡಿಗೂ ಅಂಟುತ್ತದೆ, ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಉಳಿದವನ್ನು ಒಮ್ಮೆ ಪೂರ್ತಿ ಮುಂದೆ ಹಿಂದೆ ಓಡಿಸಿ ಆಮೇಲೆ ಕೇಳಿ. 90 ನಿಮಿಷದ ಟೇಪು 60 ನಿಮಿಷದ್ದಕ್ಕಿಂತ ತೆಳು, ಬೇಗ ಸಿಕ್ಕಿಕೊಳ್ಳುತ್ತದೆ.

ಹೊನ್ನಾವರದ ಅಕ್ಕ
ಬೇಜಾರು ಮಾಡ್ಕೋಬೇಡಿ ತಮ್ಮಾ. ಅಪ್ಪಂದಿರು ಟೇಪ್ ಹಿಡಿದು ರಾತ್ರಿಯಿಡೀ ಹೋದರು, ಬೆಳಿಗ್ಗೆ ಕೊಟ್ಟಿಗೆ ಕೆಲಸ ಯಾರದ್ದು? ನನ್ನ ಅಮ್ಮ ಬೆಳಗಾಗುವವರೆಗೆ ಆಟ ನೋಡಿದ್ದೇ ಇಲ್ಲ. ರಾತ್ರಿಯಿಡೀ ನಡೆಯದೆ ಬೇಗ ಮುಗಿಯುವ ಕಾಲಮಿತಿ ಆಟಕ್ಕೆ ಜನ ಬೈತಾರೆ. ನನಗಂತೂ ಅದರಿಂದಲೇ ಹೋಗಲಿಕ್ಕೆ ಆಗಿದ್ದು. ಯಕ್ಷಗಾನ ತಂಡ ಇಡಗುಂಜಿ ಮೇಳ ಶುರುವಾಗಿದ್ದು 1934ರಲ್ಲಿ, ಇವತ್ತೂ ಕುಣಿಯುತ್ತಿದೆ. ಎದ್ದು ಬಂದು ನೋಡಿ.

ಆದ್ರೆ ಒಂದು ಹೇಳ್ತೇನೆ. ಅಮ್ಮನಿಗೆ ಪ್ರಸಂಗ, ಅಂದ್ರೆ ಆಟದ ಕಥೆ, ಎಲ್ಲಾ ಬಾಯಿಪಾಠ ಆಗಿದ್ದು ಕ್ಯಾಸೆಟ್ಟಿನಿಂದಲೇ. ಅಡಿಕೆ ಸುಲಿಯುವಾಗ ಅಕ್ಕಪಕ್ಕದ ಹೆಂಗಸರೆಲ್ಲ ಮೆಟ್ಟುಗತ್ತಿ ಹಾಕಿಕೊಂಡು ಕೂರೋರು, ಟೇಪು ನಡುವೆ. ಪಾತ್ರದ ಮಾತಾಡುವ ಅರ್ಥಧಾರಿ ತಪ್ಪಿದರೆ ಅಲ್ಲೇ ನಗೋರು.

ಕೆಳಗಿನವ, ಕುಮಟಾ
ದೇವಿಮನೆ ಘಟ್ಟ ಇಳಿದು ಬನ್ನಿ ಮಾರಾಯ್ರೆ. ನಾವು ನಾಲ್ಕೈದು ಜನ ಆಗಾಗ ಸೇರಿ ಮನೆಯಲ್ಲೇ ವೇಷ, ಕುಣಿತ ಇಲ್ಲದೆ ಕೂತು ಪದ್ಯ, ಮಾತು ನಡೆಸುವ ತಾಳಮದ್ದಲೆ ಮಾಡ್ತೇವೆ. ಟೇಪ್ ಡೆಕ್ ಇದೆ, ಒಂದು ಸ್ಪೀಕರ್ ಸತ್ತಿದೆ. ನಾವಡರದ್ದು ತಂದರೆ ಊಟ ನಮ್ಮದು.

ಚಂಡೆಪೆಟ್ಟು, ಶಿರಸಿ
ಅಕ್ಕಾ, ಈಗ ನಮ್ಮಲ್ಲಿ ಸುಲಿಯೋದು ಮೆಷಿನ್ನು. ಅದರ ಸದ್ದಲ್ಲಿ ಚಂಡೆಯೂ ಕೇಳಲ್ಲ. ನಿಮ್ಮ ಅಮ್ಮನ ಜೊತೆ ಕೂತ ಹೆಂಗಸರಲ್ಲಿ ಯಾರಾದ್ರೂ ಇದ್ರೆ ಕುಮಟಾಕ್ಕೆ ಅವರನ್ನೂ ಕರೆದುಕೊಂಡು ಬನ್ನಿ. ಕುಮಟಾದವರೇ, ನಾವಡರದ್ದು ತರ್ತೇನೆ, ಆದ್ರೆ ವಾಪಸ್ ನಾನೇ ಒಯ್ಯೋದು.