ಮಳೆಗೆ ನಿಂತ ಹಳೇ ಜೆಸಿಬಿ: ಸ್ಟಾರ್ಟ್ ಆಗ್ತಿಲ್ಲ, ಆಯಿಲ್ ಚಾ ಬಣ್ಣ ಆಗಿದೆ

ಕಾರ್ಕಳದಿಂದ:
ಎಲ್ರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಜೆಸಿಬಿ ತಗೊಂಡೆ (ಕಂಪನಿ ಯಾವುದು ಅಂತ ಬೇಡ, ನಮ್ಮ ಊರಲ್ಲಿ ಎಲ್ಲದಕ್ಕೂ ಜೆಸಿಬಿಯೇ ಅಲ್ವಾ). ಕೆಂಪುಕಲ್ಲಿನ ಕೋರೆಯಲ್ಲಿ ದುಡಿದ ಗಾಡಿ, 4 ಸಿಲಿಂಡರ್, ಹಳೇ ಮೆಕ್ಯಾನಿಕಲ್ ಪಂಪ್. ಶೆಡ್ ಇಲ್ಲ, ಹಾಗಾಗಿ ತೋಟದ ಬದಿಯಲ್ಲೇ ಮಳೆಗೆ ನಿಂತಿತ್ತು. ಈಗ ಕೀ ತಿರುಗಿಸಿದ್ರೆ ಟಕ್ ಅಂತ ಒಂದೇ ಶಬ್ದ, ಲೈಟ್ ಮಂಕಾಗ್ತದೆ, ಅಷ್ಟೇ. ಹೊಸ ಬ್ಯಾಟರಿ ಹಾಕಿ ಆಯ್ತು, ಸೆಲ್ಫ್ (ಸ್ಟಾರ್ಟರ್ ಮೋಟಾರ್) ಬಿಚ್ಚಿ ಅಂಗಡಿಯಲ್ಲಿ ತೋರಿಸಿ ಆಯ್ತು, ಸರಿ ಉಂಟಂತೆ. ಇವತ್ತು ಡಿಪ್ ಸ್ಟಿಕ್ ಎಳೆದ್ರೆ ಆಯಿಲ್ ಮೇಲಿನ ಗೆರೆಗಿಂತ ಎರಡು ಬೆರಳು ಜಾಸ್ತಿ, ಬಣ್ಣ ಹಾಲು ಜಾಸ್ತಿ ಆದ ಚಾ ಥರ. ನಾಳೆ ಟಿಪ್ಪರಿನ ಬ್ಯಾಟರಿಯಿಂದ ಜಂಪ್ ಕೊಡುವ ಅಂತಿದ್ದೇನೆ, ಆಗದಿದ್ರೆ ಎಳೆಸಿ ಸ್ಟಾರ್ಟ್ ಮಾಡುದು. ಆಗ್ಬಹುದಾ?

ಬೈಕಂಪಾಡಿಯಿಂದ:
ಬೇಡ ಮಾರಾಯ್ರೆ, ಎರಡೂ ಬೇಡ, ಮೊದಲು ಕೀ ತೆಗೆದು ಕಿಸೆಗೆ ಹಾಕಿ. ಟಿಪ್ಪರ್ ಹೆಚ್ಚಿನದ್ದು 24 ವೋಲ್ಟ್, ನಿಮ್ಮದು 12, ವಯರಿಂಗ್ ಸುಟ್ಟು ಹೋದೀತು. ಎಳೆದ್ರೂ ಪ್ರಯೋಜನ ಇಲ್ಲ, ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸುವ) ಗಾಡಿಯಲ್ಲಿ ಚಕ್ರ ತಿರುಗಿದ್ರೆ ಇಂಜಿನ್ ತಿರುಗುದಿಲ್ಲ, ಗೇರ್ ಬಾಕ್ಸಿಗೆ ಪೆಟ್ಟು ಮಾತ್ರ.

ನೆಟ್ಟಗೆ ಮೇಲೆ ಹೋದ ಸೈಲೆನ್ಸರ್ ಪೈಪಿನ ಬಾಯಿಗೆ ಮುಚ್ಚಳ ಉಂಟಾ? ಇಂಜಿನ್ ಮುಂದಿನ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಉದ್ದದ ಹ್ಯಾಂಡಲ್ ಹಾಕಿ ಕೈಯಲ್ಲೇ ಮೆಲ್ಲ ತಿರುಗಿಸಿ ನೋಡಿ. ಸಲೀಸಾಗಿ ಎರಡು ಸುತ್ತು ಬಂದ್ರೆ ಅರ್ತ್ ಕೇಬಲ್ ನೋಡುವ, ನಮ್ಮ ಉಪ್ಪು ಗಾಳಿಗೆ ಲಗ್ಗಿನ (ಕೇಬಲ್ ತುದಿಯ ಲೋಹದ ಕೊಂಡಿ) ಒಳಗೆ ಹಸುರು ಹಿಡಿದಿರ್ತದೆ, ಹೊರಗಿಂದ ಗೊತ್ತೇ ಆಗುದಿಲ್ಲ. ಮತ್ತೆ ನಿಜ ಹೇಳಿ, ಮಧ್ಯದಲ್ಲಿ ಒಮ್ಮೆ ಸ್ಟಾರ್ಟ್ ಮಾಡಿದ್ದೀರಾ? ಸುಮ್ಮನೆ ನಿಂತ ಇಂಜಿನ್ನಿಗೆ ನೀರು ಇಳಿದ್ರೆ ಅದು ಚೇಂಬರಿನ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ತಳದಲ್ಲಿ ನೀರಾಗಿಯೇ ಕೂತಿರ್ತದೆ, ಚಾ ಬಣ್ಣ ಬರ್ಬೇಕಾದ್ರೆ ಯಾರಾದ್ರೂ ಓಡಿಸಿ ಅದನ್ನು ಕಡೆದಿರ್ಬೇಕು.

ಕಾರ್ಕಳದಿಂದ:
ಮುಚ್ಚಳ ತಗೊಳ್ಳುವಾಗಲೇ ಇರ್ಲಿಲ್ಲ, ಹಿಂಜ್ ಮಾತ್ರ ಉಂಟು. ಕೈಯಲ್ಲಿ ಅರ್ಧ ಸುತ್ತು ಬರ್ತದೆ, ಆಮೇಲೆ ಗೋಡೆಗೆ ತಾಗಿದ ಹಾಗೆ, ಹಿಂದೆ ತಂದು ಪುನಃ ತಿರುಗಿಸಿದ್ರೂ ಅದೇ ಜಾಗದಲ್ಲಿ ನಿಲ್ತದೆ. ಮತ್ತೆ ಹೌದು, ಆಟಿ (ಜುಲೈ ನಡುವಿಂದ ಬರುವ ತುಳು ತಿಂಗಳು) ಶುರುವಾಗುವ ಮೊದಲು ದಾರಿ ಬಿಡ್ಲಿಕ್ಕೆ ಅಂತ ಒಂದು ಹತ್ತು ನಿಮಿಷ ಓಡಿಸಿದ್ದೆ, ಬಿಳಿ ಹೊಗೆ ತುಂಬಾ ಬಂತು, ಥಂಡಿಗೆ ಅಂತ ಗ್ರಹಿಸಿದೆ.

ಬ್ರಹ್ಮಾವರದಿಂದ:
ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್, ಹೆಡ್ ನಡುವಿನ ಸೀಲ್) ಹೋಗಿದೆ ಅಣ್ಣ, ಹಾಲು ಬಣ್ಣ ಬಂದ್ರೆ ಬೇರೆ ಎಂತದೂ ಅಲ್ಲ. ಹೆಡ್ ಇಳಿಸಿ.

ಬೈಕಂಪಾಡಿಯಿಂದ:
ಇರ್ಲೂಬಹುದು, ಆಯಿಲ್ ಕೂಲರ್ ಒಡೆದ್ರೂ ಹಾಗೇ ಆಗ್ತದೆ. ಆದ್ರೆ ರೇಡಿಯೇಟರಿನ ನೀರು ಕಡಿಮೆ ಆಗದೆ ಆಯಿಲ್ ಏರಿದ್ರೆ ನೀರು ಬಂದದ್ದು ಮೇಲಿಂದ, ಆ ಮುಚ್ಚಳ ಇಲ್ಲದ ಸೈಲೆನ್ಸರ್ ಪೈಪಿಂದ. ನೀರಿನ ಬಣ್ಣ ನೋಡಿ ಎಲ್ಲಿಂದ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಕೋರೆ ಗಾಡಿಯ ರೇಡಿಯೇಟರಿಗೆ ಬಣ್ಣದ ಕೂಲೆಂಟ್ ಯಾರು ಹಾಕ್ತಾರೆ, ಬಾವಿ ನೀರೇ.

ಹೆಡ್ ಮುಟ್ಬೇಡಿ. ನಾಲ್ಕೂ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಳಿಗೆ) ಬಿಚ್ಚಿ, ತೂತಿನ ಮೇಲೆ ಗೋಣಿ ಹಾಕಿ, ಮುಖ ದೂರ ಇಟ್ಟು ಕೈಯಲ್ಲೇ ತಿರುಗಿಸಿ. ಲೆಕ್ಕ ಹಾಕಿ ನೋಡಿ, 4 ಲೀಟರ್ ಇಂಜಿನ್ ಆದ್ರೆ ಒಂದು ಸಿಲಿಂಡರಿಗೆ 1 ಲೀಟರ್, ಕಂಪ್ರೆಷನ್ 17ಕ್ಕೆ 1 (ಒಳಗಿನ ಗಾಳಿ 17ರಲ್ಲಿ ಒಂದು ಪಾಲಿಗೆ ಅಮುಕುದು) ಅಂದ್ರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 62 ಎಂಎಲ್ ಆಸುಪಾಸು, ಒಂದು ಗ್ಲಾಸ್ ಚಾ ಅಷ್ಟೂ ಇಲ್ಲ. ಅದಕ್ಕಿಂತ ಜಾಸ್ತಿ ನೀರು ಕೂತ್ರೆ ಪಿಸ್ಟನ್ ಬರುದಿಲ್ಲ, ನೀರು ಅಮುಕ್ಲಿಕ್ಕೆ ಆಗುದಿಲ್ಲ ಅಲ್ವಾ, ಜೋರು ಮಾಡಿದ್ರೆ ಕನೆಕ್ಟಿಂಗ್ ರಾಡ್ ಬಗ್ಗುದೇ. ನಿಮ್ಮ ಹೊಸ ಬ್ಯಾಟರಿ ಮಾಡ್ತಾ ಇದ್ದದ್ದು ಅದೇ ಕೆಲಸ.

ಚೇಂಬರ್ ನಟ್ ಮೆಲ್ಲ ಸಡಿಲಿಸಿ, ಮೊದಲು ಬರುದು ನೀರೇ, ಅದು ಆಯಿಲಿಗಿಂತ ಭಾರ. ಡೀಸೆಲ್ ಟ್ಯಾಂಕಿನ ತಳದಿಂದ್ಲೂ ಒಂದು ಗಾಜಿನ ಬಾಟ್ಲಿಗೆ ತೆಗೆದು ರಾತ್ರಿ ಇಡಿ.

ಕಾರ್ಕಳದಿಂದ:
ಮೂರು ದಿನ ಬಿಟ್ಟು ಬರೀತಿದ್ದೇನೆ. 3ನೇ ಸಿಲಿಂಡರಿಂದ ಪಿಚಕಾರಿ ಹೊಡೆದ ಹಾಗೆ ತುಕ್ಕು ನೀರು ಬಂತು ಮಾರಾಯ್ರೆ, ಗೋಣಿ ಎಲ್ಲ ಕೆಂಪು. ಆಮೇಲೆ ಪೂರ್ತಿ ಸುತ್ತು ಬಂತು. ಚೇಂಬರಿಂದ ಮೊದಲು ನೀರು, ಮತ್ತೆ ಆ ಚಾ. ನೀರು ಉಂಟಾ ನೋಡ್ಲಿಕ್ಕೆ ಹಳೇ ಆಯಿಲಿನ ಒಂದು ಹನಿ ಅಮ್ಮನ ಹಳೇ ದೋಸೆ ಕಾವಲಿ ಕಾಯಿಸಿ ಬಿಟ್ಟೆ, ಸಾಸಿವೆ ಸಿಡಿದ ಹಾಗೆ ಚಟಪಟ (ಅಮ್ಮನ ಬೈಗುಳ ಬೇರೆ). ಡೀಸೆಲ್ ಬಾಟ್ಲಿಯಲ್ಲಿ ಬೆಳಿಗ್ಗೆ ಒಂದು ಬೆರಳು ನೀರು ಕೆಳಗೆ.

ಹೊಸ ಆಯಿಲ್, ಹೊಸ ಫಿಲ್ಟರ್, ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಸುತ್ತಿಸಿ, ಇಂಜೆಕ್ಟರಿಗೆ ಹೊಸ ತಾಮ್ರದ ವಾಷರ್, ಕೈ ಪಂಪಲ್ಲಿ ಏರ್ ತೆಗೆದು ಕೀ ತಿರುಗಿಸಿದೆ, ನಾಲ್ಕನೇ ಸಲಕ್ಕೆ ಹತ್ತಿತು. 15 ನಿಮಿಷ ಸ್ಲೋದಲ್ಲಿ ಬಿಟ್ಟು ಆ ಆಯಿಲನ್ನೂ ಚೆಲ್ಲಿ ಪುನಃ ಹಾಕಿದೆ. ರೇಡಿಯೇಟರಿಗೆ ಪ್ರೆಶರ್ ಕೊಟ್ಟು ರಾತ್ರಿ ಇಟ್ಟೆ, ಮುಳ್ಳು ಇಳಿಲಿಲ್ಲ. ಗ್ಯಾಸ್ಕೆಟ್ ಸರಿ ಉಂಟು ಬ್ರಹ್ಮಾವರದವ್ರೆ. 3ರಲ್ಲಿ ಮಾತ್ರ ಕಂಪ್ರೆಷನ್ ಉಳಿದದ್ದಕ್ಕಿಂತ ಕಡಿಮೆ.

ಬೈಕಂಪಾಡಿಯಿಂದ:
ಅಲ್ಲಿ ರಾಡ್ ಒಂಚೂರು ಬಗ್ಗಿರ್ಬಹುದು, ಪಿಸ್ಟನ್ ರಿಂಗ್ ಅಂಟಿರ್ಲೂಬಹುದು. ಎರಡು ದಿನ ಲೋಡ್ ಹಾಕದೆ ಓಡಿಸಿ ಪುನಃ ಚೆಕ್ ಮಾಡಿ, ಹಾಗೇ ಇದ್ರೆ ಚೇಂಬರ್ ಬಿಚ್ಚಲೇಬೇಕು. ಪೈಪಿಗೆ ಈಗ ಎಂತ ಹಾಕಿದ್ದೀರಿ?

ಕಾರ್ಕಳದಿಂದ:
ಪೇಂಟಿನ ಡಬ್ಬ ಕವುಚಿ ಹಾಕಿದ್ದೇನೆ. ಡಬ್ಬ ತೆಗೆಯದೆ ಸ್ಟಾರ್ಟ್ ಮಾಡ್ಬಾರ್ದು ಅಂತ ಕೀಯನ್ನು ಅದರ ಹಿಡಿಕೆಗೇ ಕಟ್ಟಿಟ್ಟಿದ್ದೇನೆ.