ಮನ್‌ಊಶೆ, ನಕ್ಷೆ ಮತ್ತು ಹಿಟ್ಟಿನ ಮೇಲೆ ಬೀಳುವ ಬೆರಳಗುಳಿ

ಎಲ್ಲರಿಗೂ ನಮಸ್ಕಾರ.

ಲೆಬನಾನಿಗೆ ಹೊರಟಿರುವ ನನ್ನ ತಂಗಿ, "ಬೈರೂತಿನಲ್ಲಿ ಬೀದಿ ತಿಂಡಿ ಎಲ್ಲಿ ಚೆನ್ನಾಗಿರುತ್ತೆ?" ಎಂದು ಕೇಳಿದಳು. ಅಂಗಡಿಯ ಹೆಸರಿಗೆ ಬದಲು ಒಂದು ಪದ ಹೇಳಿಕೊಟ್ಟೆ: ಫುರ್ನ್. ರೊಟ್ಟಿ ಸುಡುವ ಭಟ್ಟಿಗೂ ಅದೇ ಹೆಸರು, ಆ ಭಟ್ಟಿ ಇರುವ ಅಂಗಡಿಗೂ ಅದೇ. ಹಮ್ರಾ ಬೀದಿಯಾಗಲಿ, ಅರ್ಮೇನಿಯನ್ನರ ಬುರ್ಜ್ ಹಮ್ಮೂದ್ ಆಗಲಿ, ಬೆಳಿಗ್ಗೆ ಯಾವ ಫುರ್ನ್ ಮುಂದೆ ಕೆಲಸಕ್ಕೆ ಹೊರಟವರು ನಿಂತಿರುತ್ತಾರೋ ಅಲ್ಲೇ ನಿಲ್ಲು ಎಂದೆ. ಬುರ್ಜ್ ಹಮ್ಮೂದಿನಲ್ಲಿ ಮಾಂಸ ತಿನ್ನುವವರು ಲಹ್ಮ್ ಬಿ ಅಜೀನ್ ಕೇಳಬೇಕು. ಮಾತಿನ ಅರ್ಥವೇ 'ಹಿಟ್ಟಿನೊಡನೆ ಮಾಂಸ'. ಸಸ್ಯಾಹಾರಿಗಳಾದ ನಮಗೆ ಸೊಪ್ಪಿನ ಪುಡಿ, ಎಣ್ಣೆ ಹಚ್ಚಿ ಸುಟ್ಟ ರೊಟ್ಟಿ, ಮನ್‌ಊಶೆ. ನನ್ನ ಪ್ರಶ್ನೆ ಇರುವುದು ಈ ಪದದ ಬಗ್ಗೆ.

ಕೆಲವು ವರ್ಷಗಳ ಹಿಂದೆ ಹಮ್ರಾದ ಒಂದು ಸಣ್ಣ ಫುರ್ನ್‌ನಲ್ಲಿ ನೋಡಿದ್ದನ್ನು ಹೇಳುತ್ತೇನೆ. ಹುದುಗು ಬಂದ ಹಿಟ್ಟಿನ ಉಂಡೆಯನ್ನು ತಟ್ಟೆಯಗಲಕ್ಕೆ ಹರಡಿ, ಆತ ಎರಡೂ ಕೈಯ ಬೆರಳ ತುದಿಗಳನ್ನು ಅದರ ಮೇಲೆ ಟಕಟಕನೆ ಊರುತ್ತ ಹೋದ. ಹಿಟ್ಟಿನ ತುಂಬ ಗುಳಿಗಳು. ಮೇಲೆ ಝಾತರ್ ಸುರಿದ: ಕಾಡು ಥೈಮ್ ಸೊಪ್ಪಿನ ಪುಡಿ, ಹುಳಿಯ ಸುಮ್ಮಾಕ್, ಎಳ್ಳು, ಇವನ್ನು ಆಲಿವ್ ಎಣ್ಣೆಯಲ್ಲಿ ಕಲಸಿದ್ದು. ಎಣ್ಣೆ ಗುಳಿಗುಳಿಯಲ್ಲೂ ನಿಂತಿತು. ಭಟ್ಟಿಗೆ ಹೋದ ಮೇಲೆ ಅಂಚಷ್ಟೇ ಉಬ್ಬಿತು, ನಡುಭಾಗ ಪೂರಿಯಂತೆ ಏಳಲಿಲ್ಲ. ಗುಳಿಗಳ ಕೆಲಸವೇ ಅದು. ಪುದೀನ, ಟೊಮೇಟೊ ಇಟ್ಟು, ಮಡಿಸಿ, ಕಾಗದ ಸುತ್ತಿ ಕೊಟ್ಟ. ಎರಡು ತುತ್ತಿಗೆ ಕಾಗದ ಎಣ್ಣೆಯಿಂದ ಪಾರದರ್ಶಕವಾಯಿತು. ಅಂಥ ಬೆಳಗಿನ ತಿಂಡಿ ನಾನು ಬೇರೆ ಕಡೆ ಉಂಡಿಲ್ಲ. 2023ರಲ್ಲಿ ಯುನೆಸ್ಕೊ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮನಸ್ಸಿಗೆ ಹಿತವೆನಿಸಿತು.

ಈಗ ಪದಕ್ಕೆ ಬರೋಣ. ಅರಬ್ಬಿಯ ನ-ಕ-ಶ ಧಾತುವಿಗೆ ಕೆತ್ತು, ಕೊರೆ ಎಂಬ ಅರ್ಥ. ಬೆರಳಿಂದ 'ಕೆತ್ತಿದ್ದು' ಮನ್‌ಕೂಶೆ, ಬಹುವಚನ ಮನಾಕೀಶ್. ಬೈರೂತಿನ ಆಡುಮಾತಿನಲ್ಲಿ ಗಂಟಲಾಳದ ಆ 'ಕ' ಬಿದ್ದು, ಅಲ್ಲಿ ಉಸಿರು ತಡೆದು ಬಿಟ್ಟಂತಾಗುತ್ತದೆ. ಹಾಗಾಗಿ ಮನ್‌ಊಶೆ. ಬರಹದಲ್ಲಿ 'ಕ' ಉಳಿದಿದೆ, ಲೆಬನಾನಿನ ಶೂಫ್ ಬೆಟ್ಟಗಳಲ್ಲಿರುವ ದ್ರೂಸ್ ಎಂಬ ಧಾರ್ಮಿಕ ಸಮುದಾಯದವರ ಬಾಯಲ್ಲೂ ಉಳಿದಿದೆ. ದುಬೈಯಲ್ಲಿರುವ ನಮ್ಮ ಕರಾವಳಿಯವರು ಮೆನುವಿನಲ್ಲಿ ಓದುವ 'ಮನಾಕೀಶ್' ಇದೇ.

ನಮ್ಮ 'ನಕ್ಷೆ', ಉತ್ತರ ಕರ್ನಾಟಕದ 'ನಕಾಶೆ' ಇದೇ ಧಾತುವಿನಿಂದ, ಪಾರಸಿಯ ಹಾದಿಯಲ್ಲಿ ಬಂದವು. ಲೋಹದ ಮೇಲೆ ಕೆತ್ತುವ ಕುಸುರಿಗೆ ಉರ್ದುವಿನಲ್ಲಿ ನಕ್ಕಾಶಿ ಎನ್ನುವುದೂ ಹೀಗೆಯೇ. 'ಕ್ಷ' ನೋಡಿ ನಕ್ಷೆಯನ್ನು ಸಂಸ್ಕೃತವೆಂದು ತಿಳಿಯುವವರಿದ್ದಾರೆ. ಆದರೆ ರಿಕ್ಷಾದಲ್ಲಿಯೂ 'ಕ್ಷ' ಇದೆ, ಅದು ಜಪಾನಿನಿಂದ ಬಂದದ್ದು. ಕ್ಲಾಸಿನ ಗೋಡೆಯ ಮೇಲಿನ ಭೂಪಟವೂ ಬೈರೂತಿನ ರೊಟ್ಟಿಯೂ ಒಂದೇ ಬೇರಿನವು ಎಂದು ತಿಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಕೇಳಬೇಕಾದ್ದು ಎರಡು. ಮೊದಲನೆಯದು, ಉಸಿರು ತಡೆಯುವ ಆ ಜಾಗವನ್ನು ಕನ್ನಡದಲ್ಲಿ ಹೇಗೆ ಬರೆಯುತ್ತೀರಿ? 'ಮನೂಶೆ' ಎಂದರೆ ತಡೆಯೇ ಮಾಯ. 'ಮನ್ನೂಶೆ' ಎಂದರೆ ಇಲ್ಲದ ಒತ್ತು ಬರುತ್ತದೆ. 'ಮನ್‌ಊಶೆ' ಕಣ್ಣಿಗೆ ಒರಟು, ಆದರೂ ಉಚ್ಚಾರಕ್ಕೆ ಹತ್ತಿರವಾದ್ದರಿಂದ ನಾನು ಅದನ್ನೇ ಹಿಡಿದಿದ್ದೇನೆ.

ಎರಡನೆಯದು ನನಗೆ ಹೆಚ್ಚು ಮುಖ್ಯ. ಬೆರಳ ತುದಿ ಊರಿ ಹಿಟ್ಟಿನಲ್ಲಿ ಗುಳಿ ಮಾಡುವುದಕ್ಕೆ ನಿಮ್ಮ ಮನೆಯಲ್ಲಿ ಯಾವ ಕ್ರಿಯಾಪದವಿದೆ? 'ಒತ್ತು' ಎಂದರೆ ನಮ್ಮ ಕಡೆ ಚಪಾತಿ ಲಟ್ಟಿಸುವುದು. 'ತಟ್ಟು' ಅಂಗೈಯ ಕೆಲಸ. ಅಕ್ಕಿರೊಟ್ಟಿಗೆ ಎಣ್ಣೆ ಬಿಡಲು ಅಮ್ಮ ಮಾಡುತ್ತಿದ್ದದ್ದು ತೂತು. ಬೆರಳು ಕಾವಲಿಗೆ ತಾಗುವ ತನಕ ಹೋಗುತ್ತಿತ್ತು. ಗುಳಿ ಅಷ್ಟು ಆಳ ಹೋಗುವುದಿಲ್ಲ. 'ಬೆರಳೂರು' ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ನಿಮ್ಮ ಅಜ್ಜಿಯರ ಬಾಯಲ್ಲಿ ಇದಕ್ಕೆಂದೇ ಇದ್ದ ಮಾತೇನಾದರೂ ನೆನಪಿದ್ದರೆ, ಯಾವ ಊರಿನದು ಎಂಬುದರ ಸಮೇತ ದಯವಿಟ್ಟು ಬರೆಯಿರಿ.