ಅಪ್‌ಡೇಟ್: ದಾವಣಗೆರೆಯ ಸ್ಪಾದ ತಣ್ಣೀರಿನ ತೊಟ್ಟಿ ಕೊನೆಗೂ ತಣ್ಣಗಾಯಿತು

ದಾವಣಗೆರೆಯಲ್ಲಿ ನಾವು ಮಾಡಿಸುತ್ತಿರುವ ಹೋಟೆಲ್ ಸ್ಪಾದಲ್ಲಿ, ಸೌನಾ (ಒಣ ಬಿಸಿಗಾಳಿಯ ಕೋಣೆ) ಪಕ್ಕದ ತಣ್ಣೀರಿನ ತೊಟ್ಟಿ ಮಧ್ಯಾಹ್ನ 24 ಡಿಗ್ರಿಗಿಂತ ಕೆಳಗೆ ಇಳಿಯುತ್ತಲೇ ಇಲ್ಲ ಅಂತ ಹೋದ ವಾರ ಕೇಳಿದ್ದೆ. ಈಗ 14ಕ್ಕೆ ಬಂದು ನಿಂತಿದೆ. ಎಲ್ಲರಿಗೂ ಥ್ಯಾಂಕ್ಸ್.

ಕೈ ಹಿಡಿದದ್ದು "ಮೊದಲು ಚಿಲ್ಲರ್ ಎಲ್ಲಿಟ್ಟಿದ್ದಾರೆ ನೋಡಿ" ಅಂದವರ ಮಾತು. ನೀರು ತಣ್ಣಗೆ ಮಾಡುವ ಆ ಯಂತ್ರ ಕಿಟಕಿಯಿಲ್ಲದ ಪಂಪ್ ರೂಮಿನಲ್ಲಿತ್ತು. ಬಾಗಿಲು ತೆಗೆದರೆ ಮುಖಕ್ಕೆ ಬಿಸಿಗಾಳಿ ಹೊಡೆಯುತ್ತಿತ್ತು. ನೀರಿನಿಂದ ತೆಗೆದ ಬಿಸಿಯನ್ನು ಅಲ್ಲೇ ಬಿಟ್ಟು, ಅದೇ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತಿತ್ತು. ಕಟ್ಟಡದ ಉತ್ತರಕ್ಕೆ, ಹೊರಗಿನ ನೆರಳಿಗೆ ಸಾಗಿಸಿದೆವು. ಪೈಪುಗಳಿಗೆ ಫೋಮ್ ಸುತ್ತಿಸಿದೆವು, ರಾತ್ರಿ ತೊಟ್ಟಿಗೆ ಮುಚ್ಚಳ. ಹೊಸ ದೊಡ್ಡ ಚಿಲ್ಲರ್ ಬೇಕಾಗಲೇ ಇಲ್ಲ.

ಐಸ್ ಹಾಕೋ ಸಲಹೆ ಮಾತ್ರ ಆಗದ ಮಾತು. 3000 ಲೀಟರ್ ನೀರನ್ನು 28ರಿಂದ 14 ಡಿಗ್ರಿಗೆ ಇಳಿಸಲು ಹೆಚ್ಚುಕಡಿಮೆ 450 ಕೆ.ಜಿ. ಐಸ್ ಬೇಕು. ದಿನಾ ಯಾರು ಹೊರುತ್ತಾರೆ?

ನನಗೆ ಆಶ್ಚರ್ಯ ಆಗಿದ್ದು ಸ್ಟೀಮ್ ರೂಮ್. ಸೌನಾ 80-90 ಡಿಗ್ರಿ, ಸ್ಟೀಮ್ ಬರೀ 45. ಆದರೂ ಸೆಕೆ ಅಲ್ಲೇ ಜಾಸ್ತಿ ಅನಿಸುತ್ತದೆ! ಹಬೆ ಚರ್ಮದ ಮೇಲೆ ನೀರಾಗುವಾಗ ಬಿಸಿ ಬಿಡುತ್ತದೆ, ಬೆವರೂ ಆರುವುದಿಲ್ಲ. ಅದಕ್ಕೇ ಸ್ಟೀಮ್ ರೂಮಿನ ಬಾಗಿಲಲ್ಲೇ ಒಂದು ಶವರ್ ಇಟ್ಟೆವು. ಬೆವರು ತೊಳೆದು ತೊಟ್ಟಿಗೆ ಇಳಿದರೆ ನೀರೂ ಬೇಗ ಕೆಡುವುದಿಲ್ಲ.

ನಿಮ್ಮದೂ ಬೋರ್‌ವೆಲ್ ಗಡಸು ನೀರಾದರೆ ಸ್ಟೀಮ್ ಜನರೇಟರ್‌ಗೆ ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯುವ ಸಾಧನ) ಹಾಕಿಸಿ, ಇಲ್ಲದಿದ್ದರೆ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಬಿಪಿ, ಹಾರ್ಟ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ತೊಟ್ಟಿಗೆ ಇಳಿಯಬಾರದು ಅಂತ ಬೋರ್ಡ್ ಕೂಡ ಬರೆಸಿದ್ದೇವೆ.